ಹೊಲ ಕೊಟ್ಟದ್ದು ಪಾವಗಡ, ಪಾಚಿ ಕಟ್ಟಿದ್ದು ಕಾಲೇಜಿನ ತಾರಸಿ!



ಒಮ್ಮೆ ತುಮಕೂರು ಜಿಲ್ಲೆಯ ಪಾವಗಡದ ಕಡೆ ಹೋಗಿ ಬನ್ನಿ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲ ಇವತ್ತು ಗಾಜಿನ ಹೊಲ. ಕಣ್ಣು ಹಾಯಿಸಿದಷ್ಟೂ ಸೌರ ಫಲಕ. 2018ರಲ್ಲಿ ಉದ್ಘಾಟನೆಯಾಯಿತು, ಈಗ 2,000 ಮೆಗಾವ್ಯಾಟ್ ಮೀರಿದ ಸಾಮರ್ಥ್ಯ. ರೈತ ಇಲ್ಲಿ ನೆಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಬರಪೀಡಿತ ತಾಲ್ಲೂಕಿನಲ್ಲಿ ಅದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ ಕೂಲಿಯವನಿಗೆ ಯಾವ ಬಾಡಿಗೆ ಬಂತು? ಅವನ ಕೆಲಸ ಹೋಯಿತು, ಅಷ್ಟೇ.

ಈಗ ನಿಮ್ಮ ಊರಿನ ಸರ್ಕಾರಿ ಕಾಲೇಜಿನ ತಾರಸಿ ಹತ್ತಿ. ಏನಿದೆ ಅಲ್ಲಿ? ಕಾಲು ಮುರಿದ ಬೆಂಚು, ಕಪ್ಪು ನೀರಿನ ಟ್ಯಾಂಕು, ನಿಂತ ಮಳೆನೀರು, ಪಾಚಿ. ಮೇಲೆ ಹತ್ತು ಗಂಟೆಯ ಉರಿಬಿಸಿಲು. ಕೆಳಗೆ ಹಗಲಲ್ಲೇ ಉರಿಯುವ ಟ್ಯೂಬ್‌ಲೈಟು. ರೈತನ ಹೊಲವೇ ಬೇಕು, ಸರ್ಕಾರದ ಸ್ವಂತ ತಾರಸಿ ಬೇಡ ಎಂದರೆ ಇದ್ಯಾವ ನ್ಯಾಯ ಸ್ವಾಮಿ?

ನಾಡಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ 400ಕ್ಕೂ ಹೆಚ್ಚಿವೆ. ಪಾಲಿಟೆಕ್ನಿಕ್ಕು, ಐಟಿಐ, ಪಿಯು ಕಾಲೇಜು, ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಕೆಲವು ಕಡೆ ಫಲಕ ಹಾಕಿದ್ದಾರೆ, ಇಲ್ಲವೆಂದಲ್ಲ. ಆದರೆ ಸೌರ ವಿದ್ಯುತ್ತಿಗೆ ಕಾಲೇಜಿನಷ್ಟು ಹೇಳಿ ಮಾಡಿಸಿದ ಜಾಗ ಬೇರೊಂದಿಲ್ಲ. ಮನೆಯವರಿಗೆ ಕರೆಂಟು ಬೇಕಾಗುವುದು ಬೆಳಿಗ್ಗೆ ಮತ್ತು ರಾತ್ರಿ. ಕಾಲೇಜಿಗೆ ಬೇಕಾಗುವುದು ಹತ್ತರಿಂದ ಐದು. ಸೂರ್ಯ ಡ್ಯೂಟಿ ಮಾಡುವುದೂ ಅದೇ ಹೊತ್ತು! ಹುಟ್ಟಿದ ಕರೆಂಟು ಅಲ್ಲೇ ಖರ್ಚಾಗುತ್ತದೆ, ಬ್ಯಾಟರಿಗೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ.

ಆದರೆ ಇಲ್ಲೊಂದು ಎಚ್ಚರಿಕೆ. ತೂತುಕೊಡಕ್ಕೆ ನೀರು ತುಂಬಿಸುವ ಮೊದಲು ತೂತು ಮುಚ್ಚಬೇಕು. ಈ ಮಾತನ್ನು ನಮಗೆ ಲೆಕ್ಕ ಹಾಕಿ ಕಲಿಸಿದವರು ನಮ್ಮ ಬೆಂಗಳೂರಿನವರೇ ಆದ ಪ್ರೊಫೆಸರ್ ಅಮೂಲ್ಯ ರೆಡ್ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಕಟ್ಟಿದವರು. 1980ರ ದಶಕದಲ್ಲಿ ಕರ್ನಾಟಕಕ್ಕೆ ಇಷ್ಟೊಂದು ವಿದ್ಯುತ್ ಬೇಕು, ಇಷ್ಟೊಂದು ಸ್ಥಾವರ ಬೇಕು ಎಂದು ಸರ್ಕಾರಿ ಸಮಿತಿ ದೊಡ್ಡ ಪಟ್ಟಿ ಕೊಟ್ಟಾಗ, ರೆಡ್ಡಿಯವರೂ ಅವರ ಜೊತೆಗಾರರೂ ಕೂತು ಲೆಕ್ಕ ಹಾಕಿದರು. ಒಳ್ಳೆಯ ದೀಪ, ಒಳ್ಳೆಯ ಪಂಪು, ಬಿಸಿನೀರಿಗೆ ಸೂರ್ಯ. ಹೀಗೆ ಮಾಡಿದರೆ ಆ ಪಟ್ಟಿಯ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲೇ ಎಲ್ಲ ಮನೆಗೂ ಬೆಳಕು ಕೊಡಬಹುದು ಎಂದು 1991ರಲ್ಲಿ ಅಚ್ಚು ಹಾಕಿಸಿದರು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅವರ ಲೆಕ್ಕವನ್ನು ನಮ್ಮ ಕಾಲೇಜುಗಳು ಪಾಠವಾಗಿಯೂ ಓದಿಸಲಿಲ್ಲ, ಗೋಡೆಯ ಸ್ವಿಚ್ಚಿಗೂ ಇಳಿಸಲಿಲ್ಲ.

ಬನ್ನಿ, ನಾವೇ ಲೆಕ್ಕ ಹಾಕೋಣ. ಒಂದು ಸಾಧಾರಣ ಕಾಲೇಜು. 300 ಹಳೇ ಟ್ಯೂಬ್‌ಲೈಟು. ಟ್ಯೂಬಿನ ಮೇಲೆ ಬರೆದಿರುವುದು 40 ವ್ಯಾಟ್. ಆದರೆ ಆ ಹಳೇ ಚೋಕು ಇದೆಯಲ್ಲ, ಅದೂ ಹತ್ತು ಹನ್ನೆರಡು ವ್ಯಾಟ್ ನುಂಗುತ್ತದೆ. ಎಲ್‌ಇಡಿ ಟ್ಯೂಬು 20 ವ್ಯಾಟ್‌ನಲ್ಲಿ ಅದೇ ಬೆಳಕು ಕೊಡುತ್ತದೆ. ಒಂದಕ್ಕೆ 30 ವ್ಯಾಟ್ ಉಳಿತಾಯ ಎಂದಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆ, ವರ್ಷಕ್ಕೆ 220 ದಿನ, ಒಟ್ಟು 9,900 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 79,200 ರೂಪಾಯಿ. ಟ್ಯೂಬು ಒಂದಕ್ಕೆ ಇನ್ನೂರೈವತ್ತು ಕೊಟ್ಟರೂ ಖರ್ಚು 75,000. ಒಂದೇ ವರ್ಷದಲ್ಲಿ ದುಡ್ಡು ವಾಪಸ್ಸು!

ಫ್ಯಾನಿನ ಕತೆ ಸ್ವಲ್ಪ ಬೇರೆ, ಇಲ್ಲಿ ಸುಳ್ಳು ಆಸೆ ಹುಟ್ಟಿಸಬಾರದು. ಹಳೇ ಫ್ಯಾನು 75 ವ್ಯಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ತಿರುಗುತ್ತದೆ. ಅರ್ಧಕ್ಕಿಂತ ಹೆಚ್ಚು ಉಳಿತಾಯವೇನೋ ಸರಿ. ಆದರೆ ಬೆಲೆ ಜಾಸ್ತಿ. ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ಕಿತ್ತು ಗುಜರಿಗೆ ಹಾಕಿ ಹೊಸದು ತಂದರೆ ಹಾಕಿದ ದುಡ್ಡು ಹುಟ್ಟಲು ಐದಾರು ವರ್ಷ ಬೇಕು. ಕೆಟ್ಟ ಫ್ಯಾನಿನ ಜಾಗಕ್ಕೆ ಮಾತ್ರ ಹೊಸ ಬಗೆಯದೇ ಬರಲಿ ಎಂದು ಒಂದು ಆದೇಶ ಹೊರಡಿಸಿದರೆ ಸಾಕು. ಆದರೆ ನಮ್ಮಲ್ಲಿ ಗುತ್ತಿಗೆದಾರ ತರುವುದು ಎಲ್ಲಕ್ಕಿಂತ ಅಗ್ಗದ ಫ್ಯಾನನ್ನು. ಅದು ತಿನ್ನುವ ಕರೆಂಟಿನ ಬಿಲ್ಲು ಕಟ್ಟುವವನು ಅವನಲ್ಲವಲ್ಲ!

ಇನ್ನು ಹಾಸ್ಟೆಲ್ಲು. ಬೆಳಗಿನ ಜಾವ ಐದೂವರೆಗೆ ಸಾಲು ಸಾಲು ಗೀಸರ್ ಹೊತ್ತಿಕೊಳ್ಳುತ್ತವೆ, ಒಂದೊಂದೂ 2,000 ವ್ಯಾಟ್. ನೀರು ಕಾಯಿಸಲು ಸೂರ್ಯನಿಗಿಂತ ಬೇರೆ ಯಂತ್ರ ಬೇಕೆ? ಬೆಂಗಳೂರಿನ ಮನೆಗಳ ಮೇಲೆ ಸಾವಿರಗಟ್ಟಲೆ ಸೋಲಾರ್ ಹೀಟರ್ ಕೂತಿವೆ. ಕೋಲಾರ, ತುಮಕೂರಿನ ಕಡೆಯ ಬೋರ್‌ವೆಲ್ ಗಡಸು ನೀರಿಗೆ ಕೊಳವೆ ಕಟ್ಟಿಕೊಳ್ಳುತ್ತದೆ, ಆಗಾಗ ತೊಳೆಸಬೇಕು. ತೊಳೆಸದೆ ‘ಸೋಲಾರ್ ಸರಿಯಿಲ್ಲ’ ಎಂದು ಮತ್ತೆ ಗೀಸರ್ ಹಾಕಿಸುವ ವಾರ್ಡನ್ನುಗಳಿಗೆ ಏನು ಹೇಳೋಣ?

ದೊಡ್ಡ ಕ್ಯಾಂಪಸ್ಸುಗಳ ಬಿಲ್ಲಿನಲ್ಲಿ ಇನ್ನೊಂದು ಗುಟ್ಟಿದೆ. ಹೈಟೆನ್ಷನ್ ಸಂಪರ್ಕ ಪಡೆದವರು ಬಳಸಿದ ಯೂನಿಟ್ಟಿಗಷ್ಟೇ ಅಲ್ಲ, ‘ನಮಗೆ ಇಷ್ಟು ಬೇಕು’ ಎಂದು ಬರೆದುಕೊಟ್ಟ ಬೇಡಿಕೆಯ ಬಹುಪಾಲಿಗೂ ಪ್ರತಿ ತಿಂಗಳು ಕಟ್ಟಬೇಕು, ಬಳಸದಿದ್ದರೂ! ಯಾರೋ ಯಾವ ಕಾಲದಲ್ಲೋ ಧಾರಾಳವಾಗಿ ಬರೆದುಕೊಟ್ಟ ಅಂಕಿಗೆ ಇವತ್ತಿಗೂ ದುಡ್ಡು ಹೋಗುತ್ತಿರಬಹುದು. ಪವರ್ ಫ್ಯಾಕ್ಟರ್ 0.90ಕ್ಕಿಂತ ಇಳಿದರೆ ಮೇಲೆ ದಂಡ. ಒಂದು ಕೆಪಾಸಿಟರ್ ಕೂರಿಸಿದರೆ ತಪ್ಪುವ ದಂಡ ಅದು. ಎಂಜಿನಿಯರಿಂಗ್ ಕಾಲೇಜುಗಳೇ ಈ ದಂಡ ಕಟ್ಟಿದರೆ ನಗಬೇಕೋ ಅಳಬೇಕೋ, ನೀವೇ ಹೇಳಿ.

ಇಷ್ಟಾದ ಮೇಲೆ ತಾರಸಿಗೆ ಬನ್ನಿ. ಒಂದು ಕಿಲೋವ್ಯಾಟ್‌ಗೆ ನೂರು ಚದರಡಿ ಜಾಗ ಸಾಕು. ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್. 20 ಕಿಲೋವ್ಯಾಟ್ ಹಾಕಿದರೆ ವರ್ಷಕ್ಕೆ 28,000 ಯೂನಿಟ್ ಆಸುಪಾಸು. ಫಲಕಕ್ಕೆ ಸಾಮಾನ್ಯವಾಗಿ 25 ವರ್ಷದ ಖಾತರಿ ಇರುತ್ತದೆ, ಹಾಕಿದ ಬಂಡವಾಳ ಅದರ ಕಾಲುಭಾಗದ ಅವಧಿಯಲ್ಲೇ ಹುಟ್ಟುತ್ತದೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು ಉರಿಯುವಾಗ ಕಾಲೇಜಿಗೆ ರಜೆ. ಆಗ ಹುಟ್ಟಿದ ಕರೆಂಟು ಗ್ರಿಡ್ಡಿಗೆ ಹೋಗಿ ಲೆಕ್ಕಕ್ಕೆ ಬರಬೇಕಾದರೆ ನೆಟ್ ಮೀಟರ್ ಬೇಕೇ ಬೇಕು. ಮೀಟರ್ ಇಲ್ಲದೆ ಫಲಕ ಹಾಕಿ ಫೋಟೋ ಹೊಡೆಸಿಕೊಂಡವರು ರಜೆಯ ಬಿಸಿಲನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಇನ್ನೊಂದು ಸಂಗತಿ, ಎಷ್ಟೋ ಜನ ಕೇಳುತ್ತಾರೆ: ‘ಮೇಲೆ ಇಷ್ಟೊಂದು ಸೋಲಾರ್ ಇದೆ, ಕರೆಂಟು ಹೋದರೆ ಇದೂ ಯಾಕೆ ಸತ್ತುಹೋಗುತ್ತದೆ?’ ಬೇಕೆಂದೇ ಹಾಗೆ ಮಾಡಿದ್ದಾರೆ. ಕಂಬ ಹತ್ತಿದ ಲೈನ್‌ಮನ್‌ನ ಜೀವ ಉಳಿಯಲಿ ಎಂದು. ಬ್ಯಾಟರಿ ಇಲ್ಲದ ಸೋಲಾರ್ ಬಿಲ್ಲು ಇಳಿಸುತ್ತದೆ, ಕತ್ತಲೆ ಓಡಿಸುವುದಿಲ್ಲ. ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾದರೆ ಯಾಕೆ ಆಗುತ್ತಿಲ್ಲ? ದುಡ್ಡಿಲ್ಲವೆಂದಲ್ಲ. ಬಂಡವಾಳ ತಾನೇ ಹಾಕಿ, ನಿಮ್ಮ ತಾರಸಿಯ ಕರೆಂಟನ್ನು ನಿಮಗೇ ಯೂನಿಟ್ ಲೆಕ್ಕದಲ್ಲಿ ಮಾರುವ ಕಂಪನಿಗಳೂ ಇವೆ. ಒಪ್ಪಂದ 25 ವರ್ಷದ್ದಿರುತ್ತದೆ, ಸಣ್ಣಕ್ಷರಗಳನ್ನು ಓದಿ ಸಹಿ ಹಾಕಬೇಕು. ಅಸಲಿ ಕಾರಣ ಬೇರೆ. ಸರ್ಕಾರಿ ಕಾಲೇಜಿನ ಬಿಲ್ಲಿನ ಹಣ ಖಜಾನೆಯಿಂದ ಬರುತ್ತದೆ. ಪ್ರಾಂಶುಪಾಲರು ಕಷ್ಟಪಟ್ಟು ಒಂದು ಲಕ್ಷ ಉಳಿಸಿದರೆ ಅದು ಗ್ರಂಥಾಲಯಕ್ಕೂ ಬರುವುದಿಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೂ ಬರುವುದಿಲ್ಲ. ಮಾರ್ಚ್ 31ಕ್ಕೆ ವಾಪಸ್ಸು. ಮುಂದಿನ ವರ್ಷ ‘ನಿಮಗೆ ಇಷ್ಟೇ ಸಾಕಲ್ಲ’ ಎಂದು ಅನುದಾನಕ್ಕೂ ಕತ್ತರಿ. ಯಾರಿಗೆ ಬೇಕು ಈ ಉಸಾಬರಿ? ಅತ್ತ ಕ್ಯಾಪಿಟೇಶನ್ ದೊರೆಗಳಿಗೆ ಬಿಲ್ಲು ಸ್ವಂತದ್ದು. ಅಲ್ಲಿ ಫಲಕ ಬೇಗ ಏರುತ್ತದೆ, ಬಿಲ್ಲು ಇಳಿಯುತ್ತದೆ. ಹಾಸ್ಟೆಲ್ ಫೀ ಇಳಿದದ್ದನ್ನು ಮಾತ್ರ ಯಾರೂ ಕಂಡಿಲ್ಲ!

ಉನ್ನತ ಶಿಕ್ಷಣ ಇಲಾಖೆ ಮಾಡಬೇಕಾದದ್ದು ದೊಡ್ಡದೇನಲ್ಲ. ವಿದ್ಯುತ್ತಿನಲ್ಲಿ ಉಳಿದ ಹಣದ ಅರ್ಧವಾದರೂ ಐದು ವರ್ಷ ಆ ಕಾಲೇಜಿನಲ್ಲೇ ಉಳಿಯಲಿ ಎಂದು ಒಂದು ಆದೇಶ. ಫಲಕ ಒರೆಸುವ, ಇನ್ವರ್ಟರಿನ ಕೆಂಪು ದೀಪ ನೋಡಿ ಫೋನು ಮಾಡುವ ಕೆಲಸ ಜವಾನನದ್ದು. ಅವನ ಕೈಗೆ ಇಂಗ್ಲಿಷಿನ ಪುಸ್ತಕ ಕೊಟ್ಟು ಹೋದರೆ ಧೂಳು ತುಂಬಿದ ಫಲಕ ವರ್ಷಗಟ್ಟಲೆ ಸೋಮಾರಿಯಾಗಿ ಕೂರುತ್ತದೆ. ಆ ಪುಸ್ತಕ ಕನ್ನಡದಲ್ಲಿರಲಿ, ರಿಪೇರಿಗೆ ನಮ್ಮ ಐಟಿಐ ಹುಡುಗರೇ ಬರಲಿ ಎಂದು ಟೆಂಡರಿನಲ್ಲೇ ಬರೆಯಿರಿ.

ಓದುಗರೇ, ನೀವು ವಿದ್ಯಾರ್ಥಿಯೋ, ಪೋಷಕರೋ, ಹಳೆಯ ವಿದ್ಯಾರ್ಥಿಯೋ ಆಗಿರಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಊರಿನ ಸರ್ಕಾರಿ ಕಾಲೇಜಿಗೆ 10 ರೂಪಾಯಿಯ ಅರ್ಜಿ ಹಾಕಿ. ಕಳೆದ 12 ತಿಂಗಳ ವಿದ್ಯುತ್ ಬಿಲ್ಲಿನ ಪ್ರತಿ, ಬರೆದುಕೊಟ್ಟ ಬೇಡಿಕೆ ಎಷ್ಟು, ನಿಜಕ್ಕೂ ಬಳಸಿದ್ದು ಎಷ್ಟು, ಪವರ್ ಫ್ಯಾಕ್ಟರಿಗೆ ಕಟ್ಟಿದ ದಂಡ ಎಷ್ಟು, ತಾರಸಿಯ ಚದರಡಿ ಎಷ್ಟು ಎಂದು ಕೇಳಿ. ಅರ್ಜಿ ಕನ್ನಡದಲ್ಲಿರಲಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಬಂದ ಉತ್ತರದ ಒಂದು ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ, ಇನ್ನೊಂದು ನಿಮ್ಮ ಶಾಸಕರ ಮನೆ ಬಾಗಿಲಿಗೆ.