ಅಳಿಯುವ ವಿಳಾಸ, ಉಳಿಯಬೇಕಾದ ಆಕರ

ಸಂಶೋಧನೆಯ ವಿಶ್ವಾಸಾರ್ಹತೆ ನಿಂತಿರುವುದು ಆಕರಗಳ ಮೇಲೆ. ಬಿ.ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಮಾಲಿಕೆಯ ಶಾಸನವೊಂದನ್ನು ಸಂಪುಟ, ತಾಲ್ಲೂಕು ಮತ್ತು ಸಂಖ್ಯೆಗಳಿಂದ ಸೂಚಿಸಿದರೆ, ಶತಮಾನದ ನಂತರವೂ ಓದುಗನು ಅದೇ ಪಾಠವನ್ನು ತಲುಪಬಲ್ಲನು. ಆನ್‌ಲೈನ್ ಗ್ರಂಥಸೂಚಿಗಳಿಂದ ಎತ್ತಿಕೊಂಡ ವಿಳಾಸಗಳಿಗೆ ಈ ಭರವಸೆ ಇಲ್ಲ. ಇದನ್ನು ಕೇವಲ ತಾಂತ್ರಿಕ ತೊಡಕೆಂದು ಭಾವಿಸಿ ಗ್ರಂಥಪಾಲಕರಿಗೆ ಬಿಟ್ಟುಬಿಡುವುದು ಸರಿಯಲ್ಲ.

ಅಂತರ್ಜಾಲದ ಸಂವಹನ ನಿಯಮವು ಒಂದು ಕೋರಿಕೆಗೂ ಮುಂದಿನ ಕೋರಿಕೆಗೂ ನಡುವೆ ನೆನಪನ್ನು ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಸರ್ವರ್ ಓದುಗನಿಗೆ ತಾತ್ಕಾಲಿಕ ಸಂಖ್ಯೆಯೊಂದನ್ನು ನೀಡಿ, ಆತನ ಹುಡುಕಾಟದ ವಿವರಗಳನ್ನು ಅದರಡಿ ಇರಿಸುತ್ತದೆ. ಇದೇ ಸೆಷನ್. ನಿಗದಿತ ಅವಧಿಯವರೆಗೆ ಚಟುವಟಿಕೆ ಕಾಣದಿದ್ದರೆ ಅದು ರದ್ದಾಗುತ್ತದೆ. ಕೆಲವು ಗ್ರಂಥಸೂಚಿಗಳಲ್ಲಿ ಈ ಸಂಖ್ಯೆ ಪುಟದ ವಿಳಾಸದಲ್ಲಿಯೇ ಸೇರಿರುತ್ತದೆ. ಅಂಥ ವಿಳಾಸವನ್ನು ಅಡಿಟಿಪ್ಪಣಿಗೆ ನಕಲು ಮಾಡಿದರೆ, ಪ್ರಬಂಧವು ಪರೀಕ್ಷಕರ ಕೈಸೇರುವ ಮೊದಲೇ ಅದು ನಿರರ್ಥಕವಾಗಿರುತ್ತದೆ.

ಕನ್ನಡ ಸಂಶೋಧಕನಿಗೆ ಈ ಕಾಲಮಿತಿಯ ಬಾಧೆ ಇನ್ನೂ ಹೆಚ್ಚು. ಒಂದೇ ಕೃತಿಯು ಒಂದೆಡೆ ಕನ್ನಡ ಲಿಪಿಯಲ್ಲಿ, ಮತ್ತೊಂದೆಡೆ ರೋಮನ್ ಲಿಪ್ಯಂತರದಲ್ಲಿ ದಾಖಲಾಗಿರಬಹುದು. 'ಪಂಪಭಾರತ'ವನ್ನು ಅರಸುವವನು 'ವಿಕ್ರಮಾರ್ಜುನ ವಿಜಯ'ವನ್ನೂ ಹಲವು ಕಾಗುಣಿತಗಳಲ್ಲಿ ಅರಸಬೇಕು. ಹೀಗೆ ಶ್ರಮದಿಂದ ಕೂಡಿಸಿದ ಪಟ್ಟಿ ಮುನ್ಸೂಚನೆಯಿಲ್ಲದೆ ಅಳಿಯುವುದು ಸಣ್ಣ ನಷ್ಟವಲ್ಲ.

ಹೊರಕೊಂಡಿಗಳ ಸಮಸ್ಯೆ ಇದಕ್ಕೆ ಹೊಂದಿಕೊಂಡದ್ದು. ಮಾರ್ಕ್ 21 ಸೂಚೀಕರಣದಲ್ಲಿ 856ನೆಯ ಕ್ಷೇತ್ರವು ಇಂಥ ಕೊಂಡಿಗಳಿಗೆ ಮೀಸಲು. ಕೊಂಡಿಯು ಸೂಚಿಯಿದ್ದ ಕಿಟಕಿಯಲ್ಲಿಯೇ ತೆರೆದುಕೊಂಡರೆ, ಹೊರಗಿನ ಗ್ರಂಥವನ್ನು ಓದಿ ಹಿಂದಿರುಗುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಕೊಂಡಿಯೇ ಸತ್ತಿರುವುದೂ ಉಂಟು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲತಾಣವು ಸುಮಾರು 2017ರಲ್ಲಿ ಸ್ಥಗಿತಗೊಂಡಿತು. ಅಲ್ಲಿದ್ದ ಅನೇಕ ಗ್ರಂಥಗಳ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಆದರೆ ಹಳೆಯ ವಿಳಾಸವನ್ನಷ್ಟೇ ನೀಡಿದ ಅಡಿಟಿಪ್ಪಣಿಗಳು ಅಲ್ಲಿಗೆ ದಾರಿ ತೋರಲಾರವು.

ಕಾಲಮಿತಿಯೇ ಬೇಡವೆಂದು ವಾದಿಸುವಂತಿಲ್ಲ. ಹಲವರು ಬಳಸುವ ಗ್ರಂಥಾಲಯದ ಗಣಕದಲ್ಲಿ ಒಬ್ಬರ ಖಾತೆ ಇನ್ನೊಬ್ಬರಿಗೆ ತೆರೆದಿರಬಾರದು. ಆದರೆ ಈ ರಕ್ಷಣೆ ಬೇಕಾದದ್ದು ಸದಸ್ಯರ ಖಾತೆಗೆ. ಎಲ್ಲರಿಗೂ ಮುಕ್ತವಾದ ಹುಡುಕಾಟಕ್ಕಲ್ಲ. ಎರಡನ್ನೂ ಒಂದೇ ನಿಯಮಕ್ಕೆ ಒಳಪಡಿಸಿರುವುದೇ ದೋಷ. ಕಾಲಮಿತಿ ಮುಗಿಯುವ ಮುನ್ನ ಎಚ್ಚರಿಸಿ, ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡುಗಳ ಅವಕಾಶ ನೀಡುವುದನ್ನು 2008ರ ಅಂತರ್ಜಾಲ ಸುಗಮತಾ ಮಾರ್ಗಸೂಚಿಯು ಒಂದು ಕ್ರಮವಾಗಿ ಹೇಳಿದೆ. ಪ್ರತಿ ದಾಖಲೆಗೂ ಸ್ಥಿರ ವಿಳಾಸ ನೀಡುವುದು, ಹೊರಕೊಂಡಿಗಳನ್ನು ಗುರುತಿಸಿ ತೋರಿಸುವುದು, ಅವುಗಳನ್ನು ನಿಯತವಾಗಿ ಪರೀಕ್ಷಿಸುವುದು ಗ್ರಂಥಾಲಯಗಳ ಹೊಣೆ. ಶೋಧಗಂಗಾ ತನ್ನ ಪ್ರಬಂಧಗಳಿಗೆ ಹ್ಯಾಂಡಲ್ ಎಂಬ ಸ್ಥಿರ ಗುರುತನ್ನು ನೀಡಿರುವುದು ಅನುಸರಣೀಯ ಮಾದರಿ.

ಕನ್ನಡ ವಿಭಾಗಗಳ ಹೊಣೆಯೂ ಕಡಿಮೆಯಲ್ಲ. ಕರ್ತೃ, ಕೃತಿ, ಆವೃತ್ತಿ, ಪ್ರಕಾಶಕರು, ವರ್ಷ, ಪುಟ, ಗ್ರಂಥಾಲಯದ ಕರೆಸಂಖ್ಯೆ ಇವು ಅಡಿಟಿಪ್ಪಣಿಯ ಶರೀರ; ವಿಳಾಸ ಮತ್ತು ನೋಡಿದ ದಿನಾಂಕ ಅದಕ್ಕೆ ಪೂರಕ ಮಾತ್ರ. ಮಾರ್ಗದರ್ಶಕರು ಇದನ್ನು ಮೊದಲ ಅಧ್ಯಾಯದಿಂದಲೇ ಒತ್ತಾಯಿಸಬೇಕು. ಮರುಪರಿಶೀಲನೆಗೆ ಸಿಗದ ಆಕರವು ಆಕರವೆನಿಸದು. ಅದನ್ನು ನೆಚ್ಚಿದ ನಿರ್ಣಯವೂ ನಿಲ್ಲದು.