ತತ್ವಕ್ಕೆ ಬೊಂಬೆ ಬರೆದರೆ ಯಾರಿಗೆ ನೋವು?

ಮೊನ್ನೆ ಒಂದು ವಿಚಾರ ಸಂಕಿರಣದಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ನಮ್ಮ ಹುಡುಗರ ಕೈಲಿದ್ದ ಪುಸ್ತಕ ನೋಡಿ ಮೂಗು ಮುರಿದರು. ಪುಸ್ತಕ 'ಮಾರ್ಕ್ಸ್ ಫಾರ್ ಬಿಗಿನರ್ಸ್'. ತುಂಬಾ ವ್ಯಂಗ್ಯಚಿತ್ರ, ನಡುನಡುವೆ ಮಾತು. "ತತ್ವಶಾಸ್ತ್ರ ಅಂದರೆ ಚಂದಮಾಮ ಅಂದ್ಕೊಂಡಿದ್ದೀರೇನ್ರಯ್ಯಾ? ಮೂಲ ಓದಿ" ಎಂದರು. ಹುಡುಗರು ತಲೆ ತಗ್ಗಿಸಿದರು. ನಾನೂ ಸುಮ್ಮನಿದ್ದೆ. ಅವತ್ತು ನುಂಗಿಕೊಂಡದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಮೂಲ ಓದಿ ಎನ್ನುವವರು ಮೊದಲು ಒಂದು ಲೆಕ್ಕ ಒಪ್ಪಿಸಲಿ. ಯಾರನ್ನು ಓದಲು ಬಿಟ್ಟಿರಿ? ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ತವರ, ಅರಗು ಹೊಯ್ಯಿರಿ ಎಂದು ಗೌತಮ ಧರ್ಮಸೂತ್ರ ಬರೆದಿಟ್ಟಿದೆ. ಶೂದ್ರನಿಗೇ ಅದು. ನಾವು ಊರಿನಾಚೆಯವರು. ಕಿವಿಗೆ ಅರಗು ಹೊಯ್ದ ಪರಂಪರೆಯೇ ಈಗ ನಮ್ಮ ಕಣ್ಣಿಗೆ ಬೊಂಬೆ ಬಿದ್ದರೆ ತತ್ವದ ಮಾನ ಹೋಯಿತು ಅಂತ ಬಾಯಿ ಬಡ್ಕೊಳ್ತಾ ಇದೆ.

ಈ ಬೊಂಬೆ ಬರೆದವನು ಯಾರು? ಮೆಕ್ಸಿಕೋ ದೇಶದ ಎಡ್ವಾರ್ಡೋ ದೆಲ್ ರಿಯೋ. ಜನ ಕರೆದದ್ದು ರಿಯೂಸ್ ಎಂದು. 1934ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ. ಯೂನಿವರ್ಸಿಟಿಯ ಪಂಡಿತನಲ್ಲ. ಶವಸಂಸ್ಕಾರ ಮಾಡಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದವನು. 1965ರಲ್ಲಿ ಅವನು ಶುರು ಮಾಡಿದ 'ಲಾಸ್ ಸೂಪರ್‌ಮಾಚೋಸ್' ಎಂಬ ಚಿತ್ರಪತ್ರಿಕೆಯಲ್ಲಿ ಒಂದು ಕಲ್ಪನೆಯ ಹಳ್ಳಿಯಿದೆ. ಆ ಹಳ್ಳಿಯಲ್ಲಿ ಓದುವವನು, ಯೋಚಿಸುವವನು ಪಾದ್ರಿಯಲ್ಲ, ಊರ ಯಜಮಾನನೂ ಅಲ್ಲ. ಕಂಬಳಿ ಹೊದ್ದ ಒಬ್ಬ ಮೂಲನಿವಾಸಿ. ಆ ಕೈಯೇ ಮಾರ್ಕ್ಸ್‌ನನ್ನೂ ಬರೆಯಿತು. 1976ರಲ್ಲಿ ಲಂಡನ್ನಿನ ರೈಟರ್ಸ್ ಅಂಡ್ ರೀಡರ್ಸ್ ಎಂಬ ಸಹಕಾರಿ ಪ್ರಕಾಶನ ಅದನ್ನು ಇಂಗ್ಲಿಷಿಗೆ ತಂದಿತು. ಆಮೇಲೆ ಲೆನಿನ್, ಫ್ರಾಯ್ಡ್, ಐನ್‌ಸ್ಟೈನ್ ಸಾಲುಗಟ್ಟಿ ಬಂದರು. 1990ರ ದಶಕದಲ್ಲಿ ಇನ್ನೊಂದು ಪ್ರಕಾಶನದ 'ಇಂಟ್ರಡ್ಯೂಸಿಂಗ್' ಮಾಲೆಯಲ್ಲಿ ಫೂಕೋ, ದೆರಿದಾ, ಪೋಸ್ಟ್‌ಮಾಡರ್ನಿಸಂ ಎಲ್ಲ ಬಂದವು. ಹಳ್ಳಿಯವನನ್ನು ಎದುರಿಗೆ ಕೂರಿಸಿಕೊಂಡು ಶುರುವಾದ ಕೆಲಸ ಕಾಲೇಜಿನ ಹುಡುಗನ ಪರೀಕ್ಷೆಯ ಹಿಂದಿನ ರಾತ್ರಿಗೆ ಬಂದು ನಿಂತಿತು.

ನಾನು ಅದನ್ನು ಓದಿದ್ದು ಹಾಸ್ಟೆಲಿನಲ್ಲಿ, ಜೆರಾಕ್ಸ್ ಪ್ರತಿಯಲ್ಲಿ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು. ರಜೆಗೆ ಊರಿಗೆ ಹೋದಾಗ ಹೆಬ್ಬೆಟ್ಟಿನ ನಮ್ಮವ್ವ ಪುಟ ತಿರುವಿ ನೋಡಿದಳು. "ಯಾರ್ಲಾ ಮಗಾ ಈ ಗಡ್ಡದಪ್ಪ?" ಹೇಳಿದೆ. ಕೂಲಿ, ಲಾಭ, ದುಡಿದವನ ಬೆವರಲ್ಲಿ ಧಣಿ ಉಳಿಸಿಕೊಳ್ಳುವ ಪಾಲು, ಎಲ್ಲಾ ಚಿತ್ರ ತೋರಿಸಿ ಹೇಳಿದೆ. "ಕಳೆ ಕಿತ್ತು ಬಂದೋಳ್ಗೆ ಇದ್ನ ಪುಸ್ತಕ ಹೇಳ್ಬೇಕಾ?" ಅಂದು ನಕ್ಕಳು. ಆಮೇಲೆ ಕೇಳಿದಳು: "ಅಲ್ಲ ಕಣ್ಲಾ, ಆ ದೇಸ್ದಲ್ಲಿ ಕೂಲಿಯೋರೆಲ್ಲಾ ಒಂದೇ ಕೊಡದಲ್ಲಿ ನೀರು ಕುಡೀತಾರಾ?"

ನಾನು ಉತ್ತರ ಹೇಳಲಾರದೆ ಹೋದೆ. ಆ ಪುಸ್ತಕ ಗ್ರೀಕರಿಂದ ಹೊರಟು ಹೆಗೆಲ್ ಮೂಲಕ ಮಾರ್ಕ್ಸ್‌ಗೆ ಬರುತ್ತದೆ. ಆ ದಾರಿಯಲ್ಲಿ ನಮ್ಮ ಕೊಡ ಎಲ್ಲೂ ಸಿಗುವುದಿಲ್ಲ. ಜಾತಿ ದುಡಿಮೆಯನ್ನಷ್ಟೇ ಅಲ್ಲ, ದುಡಿಯುವವರನ್ನೇ ಒಡೆದು ಹಾಕುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟಿದ್ದರು. ಅವ್ವ ಅದನ್ನು ಓದಿಲ್ಲ. ಪ್ರಶ್ನೆ ಮಾತ್ರ ಅದೇ.

ಹಾಗಾದರೆ ನಮ್ಮ ನೆಲದಲ್ಲಿ ಇಂಥ ಪರಿಚಯ ಗ್ರಂಥಗಳು ಇರಲಿಲ್ಲವೇ? ಇದ್ದವು. 14ನೆಯ ಶತಮಾನದ ವಿಜಯನಗರದ ಮಾಧವಾಚಾರ್ಯರ ಹೆಸರಿನಲ್ಲಿರುವ 'ಸರ್ವದರ್ಶನ ಸಂಗ್ರಹ' ಹದಿನಾರು ದರ್ಶನಗಳ ಪರಿಚಯ. ಮೊದಲು ಚಾರ್ವಾಕ, ಆಮೇಲೆ ಬೌದ್ಧ, ಆಮೇಲೆ ಜೈನ. ಹೀಗೆ ಕೆಳಗಿನದನ್ನು ತುಳಿದು ಮೇಲಿನದಕ್ಕೆ ಹತ್ತುತ್ತಾ ತುದಿಯಲ್ಲಿ ಶಂಕರರ ಅದ್ವೈತ. ಇದು ಪುಸ್ತಕವೋ, ಜಾತಿಯ ಏಣಿಯೋ? ಪರಲೋಕ ಸುಳ್ಳು, ಯಜ್ಞ ಪುರೋಹಿತನ ಹೊಟ್ಟೆಪಾಡು ಅಂದವನಿಗೆ ತಳದ ಮೆಟ್ಟಿಲು. ಅವನ ಮಾತು ಉಳಿದಿರುವುದೂ ಹೆಚ್ಚಾಗಿ ಅವನನ್ನು ಖಂಡಿಸಿದವರ ಬರಹದಲ್ಲೇ. 1932ರಲ್ಲಿ ಬಂದ ಮೈಸೂರಿನ ಎಂ. ಹಿರಿಯಣ್ಣನವರ ಇಂಗ್ಲಿಷ್ ಗ್ರಂಥ ದೊಡ್ಡ ವಿದ್ವತ್ತಿನದು, ಓದಲೇಬೇಕಾದ್ದು. ಅಲ್ಲಿಯೂ ಭೌತವಾದಕ್ಕೆ ಒಂದು ಪುಟ್ಟ ಅಧ್ಯಾಯ. ಮಾದಾರ ಚೆನ್ನಯ್ಯನಿಗೆ, ಕಾಳವ್ವೆಗೆ ಅಧ್ಯಾಯವೇ ಇಲ್ಲ. ಅವರು ಯೋಚನೆ ಮಾಡಲಿಲ್ಲವೇ?

ಬೊಂಬೆ ಬಂದ ಮಾತ್ರಕ್ಕೆ ಬಿಡುಗಡೆ ಬಂತು ಅಂತಲೂ ತಿಳೀಬೇಡಿ. ಬೊಂಬೆಯೂ ಜಾತಿ ಮಾಡುತ್ತದೆ. 1967ರಲ್ಲಿ ಶುರುವಾದ ಅಮರ ಚಿತ್ರಕಥೆಯ ರಾಕ್ಷಸರ ಮೈಬಣ್ಣ ನೋಡಿ, ರಾಜಕುಮಾರಿಯರ ಮೈಬಣ್ಣ ನೋಡಿ. ನಮ್ಮ ಕೇರಿಯ ಮಗು ಆ ಪುಟದಲ್ಲಿ ತನ್ನ ಬಣ್ಣ ಹುಡುಕಿದರೆ ಅದಕ್ಕೆ ಸಿಗುವುದು ಕೋರೆಹಲ್ಲು.

ಬೇರೆ ದಾರಿಯೂ ಇದೆ. 2011ರಲ್ಲಿ ನವಯಾನ ಪ್ರಕಾಶನದ 'ಭೀಮಾಯಣ' ಬಂತು. ಚಿತ್ರ ಬರೆದವರು ಗೊಂಡ ಸಮುದಾಯದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್. ಚೌಕಟ್ಟು ಹಾಕಿ ಜನರನ್ನು ಅದರೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ವಿಷದ ಮಾತಿಗೆ ಚೇಳಿನ ಕೊಂಡಿ ಬರೆದರು, ನೊಂದವರ ಮಾತಿಗೆ ಹಕ್ಕಿಯ ಆಕಾರ ಕೊಟ್ಟರು. ಆ ಕಥೆ ಹೊರಡುವುದು ಗ್ರೀಸಿನಿಂದಲ್ಲ. ನೀರಿಗಾಗಿ ಬಾಯಾರಿದ ಬಾಲಕ ಭೀಮನಿಂದ, 1927ರ ಮಹಾಡದ ಕೆರೆಯ ಕಡೆಗೆ.

ಪ್ರಾಧ್ಯಾಪಕರ ಮಾತಿನಲ್ಲಿ ಒಂದು ಕಾಳು ನಿಜ ಇದೆ. ಅದನ್ನು ಒಪ್ಪಿಕೊಳ್ಳೋಣ. ಹತ್ತು ಪುಟ ಬೊಂಬೆ ನೋಡಿ ವೇದಿಕೆ ಮೇಲೆ ದೆರಿದಾ ದೆರಿದಾ ಅಂತ ಅರಚುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಬೊಂಬೆ ಹೊಸಿಲು, ಹೊಸಿಲ ಮೇಲೇ ಮಲಗಬಾರದು. ಆದರೆ ಹೊಸಿಲೇ ತುಳಿಯಬೇಡ ಅನ್ನಿಸಿಕೊಂಡವರಿಗೆ ಹೊಸಿಲು ಸಣ್ಣ ವಿಷಯವಲ್ಲ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯ ಗೆಳತಿಯರೇ, ಲಂಡನ್ನಿನ ಮಾಲೆಯನ್ನು ಕನ್ನಡಕ್ಕೆ ಅನುವಾದಿಸಿ ಕೈತೊಳೆದುಕೊಳ್ಳುವುದು ಬೇಡ. ನಾವೇ ಬರೆಯೋಣ. ಒಂದು ಫಾರಂ, ಹದಿನಾರು ಪುಟ, ಟೀ ಕುಡಿಯುವ ಕಾಸಿಗೆ ಸಿಗಬೇಕು. ಬುದ್ಧನ ಮೇಲೊಂದು, ಚಾರ್ವಾಕನ ಮೇಲೊಂದು, ಫುಲೆ ದಂಪತಿಗಳ ಮೇಲೊಂದು, ಮಾರ್ಕ್ಸ್ ಮೇಲೂ ಒಂದು. ಚಿತ್ರ ಕೇರಿಯ ಮಕ್ಕಳೇ ಬರೆಯಲಿ. ಅಚ್ಚಿಗೆ ಕೊಡುವ ಮೊದಲು ಹೆಬ್ಬೆಟ್ಟಿನವರ ಮುಂದೆ ಓದಿ ತೋರಿಸಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಹರಿದು ಮತ್ತೆ ಬರೆಯಿರಿ.

ಮೊದಲ ಪುಟದಲ್ಲಿ ಗಡ್ಡ ಬೇಡ. ಒಂದು ಕೊಡ ಬರೆಯಿರಿ.