ಆಡುವುದೋ, ಮಾಡುವುದೋ?



ಮಕ್ಕಳು ಫ್ರೆಂಚ್ ಪುಸ್ತಕ ಹಿಡಿದು ಬಂದರೆ 'ನಮಗೆ ಆ ಭಾಷೆ ಗೊತ್ತಿಲ್ಲ' ಎಂದು ತಾಯಂದಿರು ಹಿಂದೆ ಸರಿಯುತ್ತಾರೆ. ಭಾಷೆಗಳ ವೈವಿಧ್ಯ ಅಲ್ಲಾಹನ ದೃಷ್ಟಾಂತಗಳಲ್ಲೊಂದು ಎಂದು ಕುರ್‌ಆನ್ ಕಲಿಸುತ್ತದೆ. ಹೆದರಬೇಡಿ. ಆಟೋಟಗಳ ಪಾಠದಲ್ಲಿ ನೀವೂ ನೆರವಾಗಬಹುದು.

ಇಂಗ್ಲಿಷಿನಲ್ಲಿ ಚೆಂಡಿಗೂ ವಾದ್ಯಕ್ಕೂ 'ಪ್ಲೇ' ಸಾಕು. ಕನ್ನಡದಲ್ಲಿ ಹಾಗಲ್ಲ. ಕಬಡ್ಡಿ ಆಡುತ್ತೇವೆ, ವೀಣೆ ನುಡಿಸುತ್ತೇವೆ, ವ್ಯಾಯಾಮ ಮಾಡುತ್ತೇವೆ. ಅರಬಿಯಲ್ಲೂ ಆಟಕ್ಕೆ 'ಲಇಬ', ವಾದ್ಯಕ್ಕೆ 'ಅಝಫ'.

ಫ್ರೆಂಚಿನಲ್ಲಿ 'ಝೂವೇ' ಎಂದರೆ ಆಡು. ಚೆಂಡಾಟ, ಚದುರಂಗದಂತಹ ಆಟಗಳಿಗೆ ಅದರ ಜೊತೆ 'ಅ' ಎಂಬ ಪದ ಸೇರಬೇಕು. ಅದು ಮುಂದಿನ 'ಲ'ದೊಡನೆ ಕೂಡಿ 'ಓ' ಆಗುತ್ತದೆ: ಝೂವೇ ಓ ಫುಟ್‌ಬಾಲ್. ವಾದ್ಯವಾದರೆ ಅದೇ ಕ್ರಿಯಾಪದ, ಆದರೆ ಜೊತೆಗೆ 'ದ' ಬರುತ್ತದೆ: ಝೂವೇ ದ್ಯು ಪಿಯಾನೋ.

ಈಜು, ಸೈಕಲ್, ಕುದುರೆ ಸವಾರಿಗಳಿಗೆ 'ಫೇರ್', ಅಂದರೆ ಮಾಡು: ಫೇರ್ ದ ಲ ನತಾಸ್ಯೋಂ, ಫೇರ್ ದ್ಯು ವೇಲೋ. ಮಗು 'ಝೂವೇ ಲ ನತಾಸ್ಯೋಂ' ಎಂದು ಬರೆದಿದ್ದರೆ 'ಈಜನ್ನು ಯಾರಾದರೂ ಆಡುತ್ತಾರೆಯೇ ಮಗಳೇ?' ಎಂದು ಕೇಳಿ. ಅವಳೇ ತಿದ್ದಿಕೊಳ್ಳುತ್ತಾಳೆ. ಫುಟ್‌ಬಾಲಿಗೂ 'ಫೇರ್' ಬರುವುದುಂಟು. ಆಗ ಸುಮ್ಮನೆ ಆಡುವುದಲ್ಲ, ಕ್ರೀಡೆಯಾಗಿ ಅಭ್ಯಾಸ ಮಾಡುವುದು ಎಂಬ ಅರ್ಥ.

ಇಲ್ಲ ಎನ್ನುವಾಗ ಇನ್ನೊಂದು ನಿಯಮವಿದೆ. 'ಫೇರ್' ಜೊತೆಗಿನ 'ದ್ಯು', 'ದ ಲ' ಎರಡೂ ಬರೀ 'ದ' ಆಗುತ್ತವೆ: ಝ ನ ಫೇ ಪಾ ದ ಸ್ಪೋರ್. 'ನಾನು ಯಾವ ಕ್ರೀಡೆಯನ್ನೂ ಮಾಡುವುದಿಲ್ಲ' ಎಂದರ್ಥ. 'ಝೂವೇ ಓ' ಮಾತ್ರ ಬದಲಾಗದು.

ಸಹೋದರಿಯರೇ, ಈ ಕೊನೆಯ ವಾಕ್ಯದ ಬಳಿ ಸ್ವಲ್ಪ ನಿಲ್ಲಿ. ನಿಮ್ಮ ಮಗಳು ಅದನ್ನು ತಪ್ಪಿಲ್ಲದೆ ಬರೆದರೆ ಪೂರ್ಣ ಅಂಕ ಸಿಗುತ್ತದೆ. ಆದರೆ ಅದು ಅವಳ ಬದುಕಿನ ನಿಜವೂ ಆಗಿದ್ದರೆ ಸಂತೋಷಪಡಬೇಕೇ? ತಮ್ಮ ಸೈಕಲ್ ಹತ್ತಿ ಬೀದಿಗೆ ಹೋಗುವಾಗ ಅಕ್ಕ ಪಾತ್ರೆ ತೊಳೆಯುತ್ತಿದ್ದರೆ, ವ್ಯಾಕರಣ ಸರಿಯಿದ್ದೂ ಮನೆಯಲ್ಲಿ ಏನೋ ತಪ್ಪಿದೆ.

ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರು. ಒಮ್ಮೆ ಆಯಿಶಾ(ರ) ಗೆದ್ದರು, ಮುಂದೊಮ್ಮೆ ಪ್ರವಾದಿವರ್ಯರು(ಸ) ಗೆದ್ದರು. ಹೀಗೆ ಓಡುವುದಕ್ಕೆ ಫ್ರೆಂಚರು 'ಫೇರ್ ಲ ಕೂರ್ಸ್' ಎನ್ನುತ್ತಾರೆ. ಇಲ್ಲಿಯೂ 'ಮಾಡು' ಎಂಬ ಪದವೇ.

ಇಂದು ಸಂಜೆ ಮಗಳಿಗೆ 'ಝ ಫೇ' ಎಂದು ಬರೆದುಕೊಡಿ. ಮುಂದಿನ ಖಾಲಿ ಜಾಗವನ್ನು ಅವಳು ಪೆನ್ನಿನಿಂದಷ್ಟೇ ಅಲ್ಲ, ಕೈಕಾಲುಗಳಿಂದಲೂ ತುಂಬಲಿ.